ಅಧ್ಯಕ್ಷರ ಪರವಾಗಿ ನಾನು ಮಾಡಿದ ವಾದ

ರಾಣೆಬೆನ್ನೂರಿನ ಕಾಲೇಜಿನಲ್ಲಿ ಚರ್ಚಾಸ್ಪರ್ಧೆ ಎಂದರೆ ಮೊದಲು ನನ್ನ ಹೆಸರು. ಮದುವೆಯಾಗಿ ಐರಣಿ ಕಡೆಯ ಹಳ್ಳಿಗೆ ಬಂದು, ಮಹಿಳಾ ಹಾಲಿನ ಸಂಘದ ಕಾರ್ಯದರ್ಶಿಯಾಗಿ ಹಾಲು ಅಳೆಯುತ್ತ ನಿಂತ ಮೇಲೆ ಆ ಬಾಯಿಗೆ ಕೆಲಸವೇ ಇರಲಿಲ್ಲ. ಹಾಗಾಗಿ ಹೋದ ವರ್ಷ ನಮ್ಮ ಅಧ್ಯಕ್ಷರನ್ನು ಇಳಿಸಬೇಕೆಂದು ಸಭೆ ಕರೆದಾಗ, ನಾಚಿಕೆ ಬಿಟ್ಟು ಹೇಳುತ್ತೇನೆ, ನನಗೆ ಖುಷಿಯೋ ಖುಷಿ.

ಅಧ್ಯಕ್ಷರು ನನಗಿಂತ ಹಿರಿಯರು, ಎರಡು ಎಮ್ಮೆ ಕಟ್ಟಿದವರು. ಸಂಘಕ್ಕೆ ಹಾಕುವ ಹಾಲಿಗೆ ಅವರು ನೀರು ಬೆರೆಸುತ್ತಾರೆ ಎಂಬುದು ಆರೋಪ. ಅವರ ಹಾಲಿನ ಮಾದರಿ ಪರೀಕ್ಷೆಗೆಂದು ಹಾವೇರಿಗೆ ಹೋಗಿತ್ತು, ವರದಿ ಇನ್ನೂ ಬಂದಿರಲಿಲ್ಲ.

"ಆಕಿ ಕ್ಯಾನ್ ನಳದ ಕೆಳಗಿತ್ತು. ನಾ ಕಣ್ಣಾರೆ ನೋಡೇನಿ," ಎಂದು ಅವರ ಓಣಿಯ ಹೆಂಗಸೊಬ್ಬಳು ಎದ್ದಳು.

"ಕ್ಯಾನ್ ತೊಳಿಯಾಕ ನಳದ ಕೆಳಗ ಇಡದ ಮಾಳಿಗಿ ಮ್ಯಾಲ ಇಡ್ತಾರೇನ್ರಿ?" ಎಂದೆ.

ಸಭೆ ಗೊಳ್ಳೆಂದು ನಕ್ಕಿತು. ನನಗೆ ಮೈಯೆಲ್ಲ ಜುಮ್ಮೆಂದಿತು. ಅವಳು ದಾರಿ ಬದಲಿಸಿದಳು.

"ಆಕಿ ಖರೇ ಅಧ್ಯಕ್ಷಿನ ಅಲ್ಲ. ಅವಿರೋಧ ಆಗ್ಯಾಳ. ನಾವೇನ್ ಓಟ್ ಹಾಕೇವೇನು?"

"ಅವತ್ತ ನಿಲ್ಲಬ್ಯಾಡ್ರಿ ಅಂತ ನಿಮ್ಮ ಕೈ ಯಾರ ಹಿಡಿದಿದ್ರು? ಕೊಲಿ ಮಾಡ್ಯಾನ ಅಂತ ಹಿಡಕೊಂಡು ಹೋದವನಿಗೂ ಹಾವೇರಿ ಕೋರ್ಟಿನ್ಯಾಗ, ಮೊದಲ ಸಾಬೀತು ಮಾಡ್ರಿ ಅಂತಾರ. ನೀರು ಹಾಕ್ಯಾರ ಅನ್ನೋರು ನೀವು, ತೋರಿಸೋರೂ ನೀವ. ಅಲ್ಲೀತನ ಅಕ್ಕಾರು ನಿರಪರಾಧಿ!"

ಚಪ್ಪಾಳೆ ಬಿತ್ತು. ಕೈ ಎತ್ತಿಸಿದಾಗ ಇಳಿಸಬೇಕೆಂದವರು ಆರೇ ಜನ. ಅಧ್ಯಕ್ಷರು ಸೆರಗಿನಿಂದ ಕಣ್ಣೊರೆಸಿಕೊಂಡು ನನ್ನ ಕೈ ಹಿಡಿದರು. ಮನೆಗೆ ಹೋಗಿ ರೊಟ್ಟಿ ಬಡಿಯುವಾಗಲೂ ನನ್ನ ಭಾಷಣ ನಡೆದೇ ಇತ್ತು. ಗಂಡ ಎರಡು ಸಲ ಕೇಳಿ, ಮೂರನೆಯ ಸಲ ಎಮ್ಮೆಗೆ ಮೇವು ಹಾಕುವ ನೆಪ ಹೇಳಿ ಎದ್ದುಹೋದ.

ಮರುದಿನ ಬೆಳಿಗ್ಗೆ ಎಂದಿನಂತೆ ಸಾಲು. ಒಬ್ಬೊಬ್ಬರ ಹಾಲಿಗೂ ಲ್ಯಾಕ್ಟೋಮೀಟರಿನ ಗಾಜಿನ ಕಡ್ಡಿಯನ್ನು ಒಂದು ಸಲ ಅದ್ದಿ, ನೀರು ಬೆರೆತಿದೆಯೋ ನೋಡಿ, ಅಳೆದು ಸುರಿದುಕೊಳ್ಳುವುದು ನನ್ನ ಕೆಲಸ. ಅಧ್ಯಕ್ಷರ ಸರದಿ ಬಂತು. ಅದ್ದಿದೆ, ಸರಿಯಾಗಿತ್ತು. ಕಡ್ಡಿ ತೆಗೆದು ಒರೆಸಿ ಇನ್ನೊಮ್ಮೆ ಅದ್ದಿದೆ.

ಯಾಕೆ ಅದ್ದಿದೆನೋ! ತಲೆ ಎತ್ತಿದರೆ ಅವರು ನನ್ನ ಕೈಯನ್ನೇ ನೋಡುತ್ತಿದ್ದರು. ನನಗೆ ಭೂಮಿ ಬಾಯ್ಬಿಟ್ಟು ನುಂಗಬಾರದೇ ಎನ್ನಿಸಿತು. ಅವರು ಖಾಲಿ ಕ್ಯಾನ್ ಹಿಡಿದು ನಡೆದರು. ಮಧ್ಯಾಹ್ನ ರಾಜೀನಾಮೆ ಬರೆದು ಕಳಿಸಿದರು. ಎಷ್ಟು ಬೇಡಿಕೊಂಡರೂ ವಾಪಸ್ ತೆಗೆದುಕೊಳ್ಳಲಿಲ್ಲ.

ವಾರದೊಳಗೆ ಹಾವೇರಿಯಿಂದ ವರದಿ ಬಂತು. ನೀರಿನ ಒಂದು ಹನಿಯೂ ಇರಲಿಲ್ಲ. ಕುಣಿಯುವಷ್ಟು ಸಂತೋಷವಾಗಿ, ಚಪ್ಪಲಿ ಮೆಟ್ಟುವುದನ್ನೂ ಮರೆತು ಅವರ ಮನೆಗೆ ಓಡಿದೆ. ಅವರು ಎಮ್ಮೆ ಹಿಂಡುತ್ತಿದ್ದರು.

"ಅಕ್ಕಾರ, ಬಂತ್ರಿ! ಏನೂ ಇಲ್ಲಂತ, ನೋಡ್ರಿ!" ಎಂದು ಕಾಗದ ಮುಂದೆ ಹಿಡಿದೆ.

ಅವರು ಹಿಂಡುವುದನ್ನು ನಿಲ್ಲಿಸಲಿಲ್ಲ.

"ನನಗ ಗೊತ್ತೈತಿ, ತಂಗಿ. ನೀ ಓದ್ಕೋ."