ಲಕ್ಷಬತ್ತಿಗೆ ಕಡಿಮೆ ಬಿದ್ದ ಹತ್ತಿ

ಬಟ್ಟೆ ಒಗೆಯುವ ಕೋಣೆಯಲ್ಲಿ ಒದ್ದೆ ಬೆಡ್‌ಶೀಟು ಹಿಡಿದು ನಿಂತಿದ್ದ ನಮ್ಮ ಅತ್ತೆಗೆ, ಬಾಗಿಲ ಚೌಕಟ್ಟಿನಷ್ಟೇ ಎತ್ತರದ ಸ್ವೀಡಿಷ್ ಗಂಡಸೊಬ್ಬ ಎರಡೂ ಕೈ ಜೋಡಿಸಿ, ಹತ್ತಿ ಕೊಟ್ಟಿದ್ದಕ್ಕೆ ಧನ್ಯವಾದ ಹೇಳಿದ.

ಯಾವ ಹತ್ತಿ? ಯಾರು ಕೊಟ್ಟಿದ್ದು? ಅತ್ತೆ ನನ್ನ ಮುಖ ನೋಡಿದರು. ನಾನು ಅವನ ಮುಖ ನೋಡಿದೆ. ಮೋಲ್ನ್‌ಡಾಲ್‌ಗೆ ಬಂದು ನಾಲ್ಕು ವರ್ಷವಾಗಿದೆ. ಈ ಸ್ವೀಡನ್ನಿನಲ್ಲಿ ಇನ್ನೇನೂ ನನ್ನನ್ನು ಬೆಚ್ಚಿಬೀಳಿಸುವುದಿಲ್ಲ ಅಂದುಕೊಂಡಿದ್ದೆ. ನನ್ನ ಲೆಕ್ಕ ತಪ್ಪಾಗಿತ್ತು.

ಬೆಚ್ಚುವ ಕೆಲಸ ಮೊದಲ ವಾರವೇ ಶುರುವಾಗಿತ್ತು. ನಾನು ಕೆಲಸ ಮಾಡುವುದು ಔಷಧ ಸಂಶೋಧನೆಯ ಲ್ಯಾಬಿನಲ್ಲಿ. ಉಸಿರಿನ ಜೊತೆ ಒಳಗೆ ಎಳೆದುಕೊಳ್ಳುವ ಮದ್ದಿನ ಕಣ ಎಷ್ಟು ಸಣ್ಣದು, ಶ್ವಾಸಕೋಶದಲ್ಲಿ ಎಲ್ಲಿಗೆ ಹೋಗಿ ಕೂರುತ್ತದೆ ಎಂದು ಅಳೆಯುವುದು ನನ್ನ ಕಸುಬು. ಅಲ್ಲಿ ಫೀಕಾ ಅಂದರೆ ಎಲ್ಲರೂ ಕೂಡಿ ಕಾಫಿ ಕುಡಿಯುವ ಹೊತ್ತು, ತಪ್ಪಿಸುವ ಹಾಗಿಲ್ಲ. ಮೊದಲ ಫೀಕಾದಲ್ಲೇ ಎದುರಿಗೆ ಕೂತಿದ್ದ ಡಾಕ್ಟರೇಟ್ ಪಡೆದ ಹೆಂಗಸು ಮೇಲ್ದುಟಿಯ ಒಳಗೆ ಬೆರಳು ಹಾಕಿ ಪುಟ್ಟ ಚೀಲವೊಂದನ್ನು ತೆಗೆದು ಡಬ್ಬಿಯ ಮುಚ್ಚಳದಲ್ಲಿಟ್ಟಳು. ಅದು ಸ್ನೂಸ್, ತುಟಿಯಡಿ ಒತ್ತಿಕೊಳ್ಳುವ ಹೊಗೆಸೊಪ್ಪು. ನಮ್ಮೂರಲ್ಲಿ ಹೆಂಗಸೊಬ್ಬಳು ಆಫೀಸಿನಲ್ಲಿ ಹೀಗೆ ಮಾಡಿದ್ದರೆ ಸುದ್ದಿ ಸಂಜೆಯೊಳಗೆ ಊರು ಸುತ್ತಿ ಬರುತ್ತಿತ್ತು. ಇಲ್ಲಿ ಯಾರೂ ಕಣ್ಣೆತ್ತಿ ನೋಡಲಿಲ್ಲ. ಆದರೆ ಬಸ್‌ಸ್ಟಾಪಿನಲ್ಲಿ ಸಿಗರೇಟು ಹಚ್ಚಿದರೆ ಎಲ್ಲರೂ ನೋಡುತ್ತಾರೆ. ಬಾಯಲ್ಲಿ ಏನೂ ಹೇಳುವುದಿಲ್ಲ, ಸುಮ್ಮನೆ ಎರಡು ಹೆಜ್ಜೆ ದೂರ ಸರಿಯುತ್ತಾರೆ.

ಆ ಎರಡು ಹೆಜ್ಜೆ ನನ್ನ ಗಂಡ ಮೋಹನನ ಜೀವ ಹಿಂಡಿತು. ಬೆಂಗಳೂರಿನಲ್ಲಿ ಅವನ ಸಿಗರೇಟಿಗೆ ಒಂದು ಸಂಸಾರವೇ ಇತ್ತು: ಟೀ ಅಂಗಡಿ, ಅರ್ಧ ಲೋಟ ಟೀ, ಗೆಳೆಯರು, ಕ್ರಿಕೆಟ್ಟು. ಇಲ್ಲಿ ಗಾಳಿಯಲ್ಲಿ ಒಬ್ಬನೇ ನಿಂತು ಸೇದಬೇಕು. ಯಾರೂ ಬೈಯದೆ ಇದ್ದದ್ದೇ ಅವನಿಗೆ ದೊಡ್ಡ ಬೈಗುಳವಾಯಿತು. ಎರಡನೇ ಚಳಿಗಾಲಕ್ಕೆ ಸಿಗರೇಟು ಬಿಟ್ಟು ವೇಪ್ ಹಿಡಿದ.

ಅಂಗಡಿಯಲ್ಲಿ ಸಿಗುವ ತಯಾರಾದದ್ದಲ್ಲ ಮತ್ತೆ! ನಮ್ಮ ಯಜಮಾನರು ಇಂಜಿನಿಯರು, ಸ್ವಂತ ಕಟ್ಟಿಕೊಳ್ಳುವಂಥದ್ದೇ ಆಗಬೇಕು. ಉಕ್ಕಿನದೊಂದು ಪುಟ್ಟ ಬಟ್ಟಲು, ಅದಕ್ಕೆ ಅಟಮೈಸರ್ ಅನ್ನುತ್ತಾರೆ. ಅದರೊಳಗೆ ಸ್ಪ್ರಿಂಗಿನ ಹಾಗೆ ಸುತ್ತಿದ ತಂತಿ, ಆ ಸುತ್ತಿನ ನಡುವೆ ತೂರಿಸಿದ ಬತ್ತಿ. ಬತ್ತಿ ದ್ರವ ಹೀರುತ್ತದೆ, ಬ್ಯಾಟರಿಯಿಂದ ತಂತಿ ಕಾಯುತ್ತದೆ, ದ್ರವ ಆವಿಯಾಗಿ ಬಾಯಿಗೆ ಬರುತ್ತದೆ. ಇಷ್ಟೇ. ಈ ಇಷ್ಟಕ್ಕೆ ನಮ್ಮ ಊಟದ ಮೇಜಿನ ಅರ್ಧ ಹೋಯಿತು.

ತಂತಿಯ ತಂಟೆ ಬೇಗ ಮುಗಿಯಿತು, ಬತ್ತಿಯದು ಮುಗಿಯಲೇ ಇಲ್ಲ. ಔಷಧಿ ಅಂಗಡಿಯ ಹತ್ತಿ ತಂದ, ಬ್ಲೀಚಿನ ವಾಸನೆ ಎಂದು ಅದನ್ನು ಕುದಿಸಿ ಕಿಟಕಿಯಲ್ಲಿ ಒಣಹಾಕಿದ. ಮುಖ ಒರೆಸುವ ಪ್ಯಾಡ್ ತಂದು ಎರಡೂ ಬದಿಯ ಪದರ ಸುಲಿದು ಒಳಗಿನದನ್ನು ತೆಗೆದ. ಮರದ ತಿರುಳಿನಿಂದ ಮಾಡಿದ ರೇಯಾನ್ ತಂದ, ಅದು ಚೆನ್ನಾಗಿ ಹೀರಿದರೂ ಒದ್ದೆಯಾದ ಮೇಲೆ ಕುಗ್ಗುತ್ತದಂತೆ. ಗಾಜಿನ ಎಳೆಯಂಥ ಸಿಲಿಕಾ ಹಗ್ಗ ತಂದ ದಿನ ನಾನು ಸುಮ್ಮನಿರಲಿಲ್ಲ. "ಆ ಎಳೆ ಮುರಿದು ಎದೆಯೊಳಗೆ ಹೋದ್ರೆ ನಾನು ಮೈಕ್ರೋಸ್ಕೋಪ್ ಹಿಡ್ಕೊಂಡು ಹುಡುಕಲಾ?" ಅಂದೆ. ಅದು ಕಸಕ್ಕೆ ಹೋಯಿತು. ಹತ್ತಿ ಬಿಗಿಯಾದರೆ ದ್ರವ ಏರುವುದಿಲ್ಲ, ತಂತಿಯ ಹತ್ತಿರ ಒಣಗಿ ಸುಟ್ಟು ಗಂಟಲು ಕಿತ್ತುಬರುತ್ತದೆ. ಸಡಿಲವಾದರೆ ಸೋರುತ್ತದೆ. ಇವನ ಜೊತೆಗಾರ ಮೇಲಿನ ಮಹಡಿಯ ಆಂಡೆರ್ಸ್. ಶನಿವಾರ ಇಬ್ಬರೂ ಕೂತು ಹತ್ತಿಯ ವಿಷಯವನ್ನು ಹೆಣ್ಣು ನೋಡಲು ಹೊರಟವರ ಹಾಗೆ ಮಾತಾಡುತ್ತಿದ್ದರು. ಬೇರೆ ಗೆಳೆಯರೇ ಇಲ್ಲದ ಊರಲ್ಲಿ ನನ್ನ ಗಂಡನಿಗೆ ಮಾತಾಡಲು ಒಬ್ಬ ಸಿಕ್ಕನಲ್ಲ ಎಂದು ನಾನು ಕಾಫಿ ಕೊಟ್ಟು ಸುಮ್ಮನಾಗುತ್ತಿದ್ದೆ.

ಈ ಆಗಸ್ಟಿನಲ್ಲಿ ಅತ್ತೆ ಬಂದರು. ತುಮಕೂರಿನಲ್ಲಿ ಮಗಳ ಮನೆಯಲ್ಲಿರುವವರು, ಮೂರು ತಿಂಗಳ ವೀಸಾದಲ್ಲಿ. ಪೆಟ್ಟಿಗೆಯಲ್ಲಿ ಬಟ್ಟೆಗಿಂತ ಹೆಚ್ಚು ಜಾಗ ಹಿಡಿದಿದ್ದದ್ದು ಹತ್ತಿ. ಮಗಳ ಮನೆ ಹಿತ್ತಲಿನ ಗಿಡದ್ದು, ಅತ್ತೆಯೇ ಬಿಡಿಸಿ, ಬೀಜ ತೆಗೆದು, ಹಿಂಜಿದ್ದು. ಲಕ್ಷಬತ್ತಿಯ ಹರಕೆ ಹೊತ್ತಿದ್ದರು. ಅಂದರೆ ಒಂದು ಲಕ್ಷ ಬತ್ತಿ ಹೊಸೆದು ಕಾರ್ತಿಕದಲ್ಲಿ ತುಪ್ಪದಲ್ಲಿ ನೆನೆಸಿ ದೇವರ ಮುಂದೆ ಉರಿಸಬೇಕು. ಯಾವ ಕಾರಣಕ್ಕೆ ಎಂದು ಕೇಳಿದೆ.

"ಮೋಹನ ಸಿಗರೇಟು ಬಿಡ್ಲಿ ಅಂತ ಕಣಮ್ಮ. ಅವರಪ್ಪ ಕೆಮ್ಮಿ ಕೆಮ್ಮಿ ಹೋಗಿದ್ದು ನೋಡಿದೀನಲ್ಲ. ಅವನಿಗೆ ಹೇಳ್ಬೇಡ, ನಗ್ತಾನೆ."

ನಾನು ಹೇಳಲಿಲ್ಲ. ವೇಪಿನ ಸುದ್ದಿಯನ್ನು ಅತ್ತೆಗೂ ಹೇಳಲಿಲ್ಲ. ಅದನ್ನು ಹೇಳಬೇಕಾದವನು ಮಗ, ನಾನಲ್ಲ. ಅವನು ಮೇಜಿನ ಮೇಲಿದ್ದ ತಂತಿ-ಇಕ್ಕಳವನ್ನೆಲ್ಲ ಡ್ರಾಯರಿಗೆ ತುಂಬಿ, ಬಾಲ್ಕನಿಯ ಮೂಲೆಯಲ್ಲಿ ನಿಂತು ಸೇದಿ ಬರುತ್ತಿದ್ದ.

ಅತ್ತೆ ಇಡೀ ದಿನ ಕಿಟಕಿಯ ಬಳಿ ಕೂತು ಹೊಸೆಯುತ್ತಿದ್ದರು. ಪಕ್ಕದಲ್ಲಿ ಒಂದು ತಟ್ಟೆಯಲ್ಲಿ ವಿಭೂತಿ. ಬೆರಳಿಗೆ ಅದನ್ನು ಹಚ್ಚಿಕೊಂಡರೆ ಹತ್ತಿ ಜಾರದೆ ಎಳೆ ಗಟ್ಟಿಯಾಗಿ ಕೂರುತ್ತದೆ. ನೂರಕ್ಕೊಂದು ಕಟ್ಟು, ಕಟ್ಟಿಗೊಂದು ಕೆಂಪು ದಾರ, ಎಲ್ಲ ಸ್ಟೀಲ್ ಡಬ್ಬಿಗೆ. ಊರಲ್ಲಾಗಿದ್ದರೆ ಅಕ್ಕಪಕ್ಕದ ನಾಲ್ಕು ಹೆಂಗಸರು ಬಂದು ಕೂತು, ಹರಟೆ ಹೊಡೆಯುತ್ತ ಕೈ ಕೊಡುತ್ತಿದ್ದರು. ಇಲ್ಲಿ ಎದುರು ಮನೆಯ ಅಜ್ಜಿ ಕಿಟಕಿಯಿಂದ ನೋಡಿ ಕೈ ಬೀಸುತ್ತಿದ್ದಳು, ಅಷ್ಟೇ. "ಒಳ್ಳೆಯವಳು ಪಾಪ, ಬಾ ಅಂದ್ರೆ ಬರಲ್ಲ ಅನ್ಸುತ್ತೆ," ಎನ್ನುತ್ತಿದ್ದರು ಅತ್ತೆ.

ಸೆಪ್ಟೆಂಬರಿನಲ್ಲಿ ಒಂದು ದಿನ ಅತ್ತೆ ಡಬ್ಬಿ ಬಗ್ಗಿಸಿ ಎಣಿಸುತ್ತಿದ್ದರು. ಎಣಿಸಿ ಮುಗಿಸಿ ಮತ್ತೆ ಮೊದಲಿನಿಂದ ಶುರು ಮಾಡಿದರು. ತಲೆಯಲ್ಲಿಟ್ಟುಕೊಂಡ ಲೆಕ್ಕಕ್ಕಿಂತ ಕಟ್ಟು ಕಡಿಮೆ ಬಂದಿತ್ತು. ಮುಂದಿನ ವಾರವೂ ಕಡಿಮೆ ಬಂತು. ಅದರ ಮುಂದಿನ ವಾರ ಎಣಿಸುವುದನ್ನು ಅರ್ಧಕ್ಕೇ ಬಿಟ್ಟು ನನ್ನನ್ನು ಕರೆದರು.

"ವಸು, ನಿಜ ಹೇಳು. ನಾನೇನಾದ್ರೂ ಹೇಳಿದ್ದೇ ಹೇಳ್ತಿದೀನಾ?"

"ಯಾಕತ್ತೆ, ಇಲ್ವಲ್ಲ?"

"ನಮ್ಮಕ್ಕಂಗೆ ಹಿಂಗೇ ಶುರುವಾಗಿದ್ದು. ಮೊದಲು ಲೆಕ್ಕ ಮರೀತಿದ್ಲು. ಆಮೇಲೆ ಹೆತ್ತ ಮಗನ್ನ ಯಾರಪ್ಪ ನೀನು ಅಂದ್ಲು."

ಇವತ್ತು ಯಾವ ವಾರ, ನಿನ್ನೆ ಏನು ಸಾರು, ಎಂದು ತಮಾಷೆಯ ನೆಪದಲ್ಲಿ ಕೇಳಿದೆ. ಎಲ್ಲ ಸರಿಯಾಗಿ ಹೇಳಿ, "ಸಾರಿಗೆ ಉಪ್ಪು ಕಡಿಮೆ ಆಗಿತ್ತು, ಅದೂ ನೆನಪಿದೆ," ಅಂದರು. ಆದರೂ ಹೆದರಿಕೆ ಹೋಗಲಿಲ್ಲ. ಒಲೆ ಆರಿಸಿದೆನಾ ಎಂದು ನಾಲ್ಕು ಸಲ ಎದ್ದು ಹೋಗುತ್ತಿದ್ದರು. ಒಬ್ಬರೇ ಹೊರಗೆ ಹೋಗುವುದನ್ನೇ ಬಿಟ್ಟರು. ಊಟದ ಹೊತ್ತಿನಲ್ಲಿ ನಾನು ಮೋಹನನಿಗೆ, ಊರಿಗೆ ಹೋದ ಕೂಡಲೇ ಅಮ್ಮನನ್ನು ನರದ ಡಾಕ್ಟರಿಗೆ ತೋರಿಸಬೇಕು ಎಂದೆ. ಅವನು ತಟ್ಟೆಯಿಂದ ತಲೆ ಎತ್ತಲಿಲ್ಲ. "ವಯಸ್ಸಾಯ್ತಲ್ಲ, ಸ್ವಲ್ಪ ಮರೆವು ಇದ್ದಿದ್ದೇ," ಅಂದ. ಅತ್ತೆ ಎದ್ದು ಒಳಗೆ ಹೋದರು.

ಈ ಮಾತನ್ನು ನೆನಪಿಟ್ಟುಕೊಳ್ಳಿ. ನಾನಂತೂ ಮರೆತಿಲ್ಲ.

ಇನ್ನು ಬಟ್ಟೆ ಕೋಣೆಗೆ ಬರೋಣ. ಇಲ್ಲಿ ಇಡೀ ಕಟ್ಟಡಕ್ಕೆ ಒಂದೇ ಟ್ವೆಟ್‌ಸ್ಟೂಗಾ, ನೆಲಮಾಳಿಗೆಯಲ್ಲಿ ವಾಷಿಂಗ್ ಮಷೀನುಗಳಿರುವ ಕೋಣೆ. ನಮ್ಮ ಹೊತ್ತು ಶುಕ್ರವಾರ ಸಂಜೆ, ನಮ್ಮ ನಂತರ ಆಂಡೆರ್ಸ್‌ನದು. ಇವರಲ್ಲೊಂದು ಪದ್ಧತಿ ಇದೆ. ಹಿಂದಿನ ಸಲ ಮನೆಯಲ್ಲಿ ಕಾಫಿ ಕೊಟ್ಟವರು ಮುಂದೆ ಎಲ್ಲಿ ಎದುರಾದರೂ, ಕುಡಿದವರು ಮೊದಲು 'ಟಾಕ್ ಫೋರ್ ಸೆನಾಸ್ತ್' ಅನ್ನಲೇಬೇಕು, ಅಂದರೆ ಹೋದ ಸಲದ್ದಕ್ಕೆ ಧನ್ಯವಾದ. ನಾವಾದರೆ ಉಂಡ ಮನೆಗೆ ಥ್ಯಾಂಕ್ಸ್ ಹೇಳಿದರೆ, ಏನು ಹೊರಗಿನವರ ಥರ ಆಡ್ತೀರಿ ಅಂತ ಬೈಸಿಕೊಳ್ಳುತ್ತೇವೆ. ಇವರು ಒಂದನ್ನೂ ಬಾಕಿ ಉಳಿಸುವುದಿಲ್ಲ.

ಆಂಡೆರ್ಸ್ ಬಟ್ಟೆಯ ಬುಟ್ಟಿ ಕೆಳಗಿಟ್ಟ. ಹೋದ ಶನಿವಾರದ ಕಾಫಿಗೆ ಧನ್ಯವಾದ ಹೇಳಿದ. ಚಕ್ಕುಲಿಗೆ ಹೇಳಿದ. ಆಮೇಲೆ ಅತ್ತೆಯ ಕಡೆ ತಿರುಗಿ, ಕೈ ಜೋಡಿಸಿ, ಇಂಗ್ಲಿಷಿನಲ್ಲಿ, "ನಿಮ್ಮ ಕಾಟನ್‌ಗೆ ತುಂಬಾ ಥ್ಯಾಂಕ್ಸ್. ಇಷ್ಟು ಒಳ್ಳೆಯದು ನಾನು ಎಲ್ಲೂ ಕಂಡಿಲ್ಲ. ಅಮ್ಮ ನನಗೂ ಕಳಿಸಿದ್ದಾರೆ ಅಂತ ಮೋಹನ್ ಹೇಳಿದ," ಅಂದ.

ಕಾಟನ್ ಅನ್ನುವುದು ಅತ್ತೆಗೆ ಅರ್ಥವಾಗದ ಮಾತಲ್ಲ. "ಯಾವ ಕಾಟನ್ ಅಂತೆ?" ಎಂದರು. ಆಂಡೆರ್ಸ್ ಜೇಬಿನಿಂದ ವೇಪ್ ತೆಗೆದು, ಮುಚ್ಚಳ ಬಿಚ್ಚಿ, ಮಗುವನ್ನು ತೋರಿಸುವಂತೆ ಮುಂದೆ ಹಿಡಿದ. ಅತ್ತೆ ಕನ್ನಡಕ ಸರಿ ಮಾಡಿಕೊಂಡು ಬಗ್ಗಿದರು. ಎರಡು ಬತ್ತಿ ಜೋಡಿಸಿ ತಂತಿಯ ನಡುವೆ ತೂರಿಸಿದ್ದ.

"ಇದು ನಂದು," ಅಂದರು ಅತ್ತೆ. "ಈ ತಿರುವು ನಂದು ಕಣೇ ವಸು."

ಅದೇನು, ಅದನ್ನು ಹೇಗೆ ಸೇದುತ್ತಾರೆ ಎಂದು ಹೇಳದೆ ಇನ್ನು ಗತಿಯಿರಲಿಲ್ಲ, ಹೇಳಿದೆ. ಕಳ್ಳತನಕ್ಕಿಂತ ಹೆಚ್ಚಾಗಿ ಆ ಊಟದ ತಟ್ಟೆ ಕಣ್ಣಿಗೆ ಬಂತು. ಅಮ್ಮ ತನಗೆ ಬುದ್ಧಿ ಕೆಡುತ್ತಿದೆ ಎಂದು ಹೆದರಿ ಸಾಯುತ್ತಿರುವಾಗ, ಕಾರಣ ಗೊತ್ತಿದ್ದವನು ಎದುರಿಗೇ ಕೂತು ಅನ್ನ ಕಲಸುತ್ತಿದ್ದ! ಥೂ ಅನ್ನಿಸಿತು. ಇಷ್ಟು ವರ್ಷ ಯಾರ ಜೊತೆ ಸಂಸಾರ ಮಾಡಿದೆ ಅನ್ನಿಸಿತು.

ಮೋಹನ ಮನೆಗೆ ಬಂದಾಗ ಶೂ ಬಿಚ್ಚಲೂ ಬಿಡಲಿಲ್ಲ. ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಕೇಳಿದರು.

"ಡಬ್ಬಿಯಿಂದ ಕಟ್ಟು ತಗೊಂಡಿದ್ದು ನೀನೇನೋ?"

ಅವನು ನನ್ನನ್ನು ನೋಡಿದ, ನೆಲ ನೋಡಿದ. "ಹೂಂ ಅಮ್ಮ. ಅಷ್ಟೊಂದು ಇತ್ತಲ್ಲ, ಗೊತ್ತಾಗಲ್ಲ ಅನ್ಕೊಂಡೆ. ಆಮೇಲೆ ಹೇಳೋಕೆ ಧೈರ್ಯ ಬರ್ಲಿಲ್ಲ."

ಅತ್ತೆ ಕುರ್ಚಿಯಲ್ಲಿ ಕುಸಿದರು. ಅಳುತ್ತಾರೆ ಅಂದುಕೊಂಡೆ. ಅವರು ನಕ್ಕರು! ಸೆರಗಿನಿಂದ ಬಾಯಿ ಮುಚ್ಚಿಕೊಂಡು, ಕಣ್ಣಲ್ಲಿ ನೀರು ಬರುವ ತನಕ ನಕ್ಕರು. "ಅಯ್ಯೋ ಶಿವನೇ, ಹಂಗಾದ್ರೆ ನನ್ನ ತಲೆ ನೆಟ್ಟಗಿದೆ. ನೆಟ್ಟಗಿದೆ ಕಣೇ ವಸು." ಆಮೇಲೆ ಎದ್ದು, ಅಷ್ಟು ದೊಡ್ಡ ಮಗನ ಬೆನ್ನಿಗೆ ಫಟೀರೆಂದು ಒಂದು ಬಿಟ್ಟರು. "ನೀನು ಸಿಗರೇಟು ಬಿಡ್ಲಿ ಅಂತ ಹರಕೆ ಹೊತ್ತು ಹೊಸೆದಿದ್ದೋ ಅದು! ಅದನ್ನೇ ಸುಟ್ಕೊಂಡು ಸೇದಿದ್ಯಲ್ಲೋ, ಮುಟ್ಠಾಳ! ವಿಭೂತಿ ಬೇರೆ ಹಚ್ಚಿದೀನಿ ಅದಕ್ಕೆ!"

ಈಗ ಬೆಚ್ಚುವ ಸರದಿ ಮೋಹನನದು. "ವಿಭೂತೀನಾ? ಅದಕ್ಕೇ ಒಂಥರಾ ರುಚಿ ಬರ್ತಿತ್ತಾ?"

"ಬೂದಿ!" ಎಂದು ನಾನು ಕಿರುಚಿದೆ. "ದಿನವಿಡೀ ಲ್ಯಾಬಲ್ಲಿ ಕೂತು ಎದೆಯೊಳಗೆ ಒಂದು ಕಣ ಎಲ್ಲಿ ಹೋಗುತ್ತೆ ಅಂತ ಅಳೀತೀನಿ, ಮನೇಲಿ ನೀನು ಬೂದಿ ಎಳ್ಕೊಂಡು ಕೂತಿದೀಯಾ! ಆ ಆಂಡೆರ್ಸ್‌ಗೂ ಕೊಟ್ಟಿದೀಯಲ್ಲೋ!"

ಅವನು ಮೇಲಿನ ಮಹಡಿಗೆ ಓಡಿದ. ಆಂಡೆರ್ಸ್ ಕೋಪ ಮಾಡಿಕೊಳ್ಳಲಿಲ್ಲವಂತೆ. ಉಳಿದ ಕಟ್ಟುಗಳನ್ನು ಕಾಗದದಲ್ಲಿ ಸುತ್ತಿ ಕಳಿಸಿಕೊಟ್ಟ, ಜೊತೆಗೆ ಕ್ಷಮೆ ಕೇಳಿ ಒಂದು ಚೀಟಿ. ಮೋಹನ ತಾನೇ ಕೂತು ಕಡಿಮೆ ಬಿದ್ದದ್ದನ್ನು ಹೊಸೆದು ಕೊಡುತ್ತೇನೆ ಎಂದ. ಅತ್ತೆ ಡಬ್ಬಿ ಹಿಂದಕ್ಕೆ ಎಳೆದುಕೊಂಡರು. "ಬೇಡ. ಅದನ್ನ ಸೇದೋ ಕೈ ಇದಕ್ಕೆ ಬೇಡ." ಅವನ ಮುಖ ಸಣ್ಣದಾಯಿತು. ಹೊಡೆತಕ್ಕಿಂತ ಅದು ಜೋರಾಗಿ ತಾಗಿತು.

ಹೊರಡುವ ಹೊತ್ತಿಗೆ ಲಕ್ಷ ಮುಗಿದಿತ್ತು. ವಿಮಾನ ನಿಲ್ದಾಣಕ್ಕೆ ಹೊರಡುವ ಬೆಳಿಗ್ಗೆ ಅತ್ತೆ ನನ್ನ ಕೈಗೆ ಒಂದು ಸಣ್ಣ ಡಬ್ಬಿ ಕೊಟ್ಟರು. ಒಳಗೆ ಹತ್ತಿ, ಹಿಂಜಿದ್ದು ಮಾತ್ರ, ಹೊಸೆದಿರಲಿಲ್ಲ.

"ಇದಕ್ಕೆ ವಿಭೂತಿ ಮುಟ್ಟಿಸಿಲ್ಲ. ಅವನಿಗೆ."

"ಅತ್ತೆ! ನೀವೇ ಕೊಡ್ತಿದೀರಾ? ಅದಕ್ಕೆ?"

"ಆ ಮಷೀನು ಹಿಡಿದ ಮೇಲೆ ಸಿಗರೇಟು ಮುಟ್ಟಿಲ್ಲ ಅಂತ ಆಣೆ ಇಟ್ಟಿದಾನೆ. ಬಿಡೋವರೆಗೂ ಕೊಳಕು ಎಳ್ಕೊಳೋದು ಬೇಡ. ಬಿಟ್ಟ ದಿನ, ಉಳಿದಿದ್ದನ್ನ ದೀಪಕ್ಕೆ ಹಾಕು. ಆದ್ರೆ ಡಬ್ಬಿ ಖಾಲಿ ಆಗೋದ್ರೊಳಗೆ ಬಿಡ್ಬೇಕು ಅಂತ ಹೇಳು. ಮತ್ತೆ ಕಳಿಸಲ್ಲ ನಾನು."

ಆ ಡಬ್ಬಿಯನ್ನು ಎಲ್ಲಿಡಬೇಕೆಂದೇ ನನಗೆ ತೋಚಲಿಲ್ಲ. ದೇವರ ಗೂಡಿನಲ್ಲೋ, ಅವನ ತಂತಿ-ಇಕ್ಕಳದ ಡ್ರಾಯರಿನಲ್ಲೋ? ಕೊನೆಗೆ ಅಡುಗೆಮನೆಯಲ್ಲಿ, ಉಪ್ಪಿನ ಡಬ್ಬಿಯ ಪಕ್ಕ ಇಟ್ಟೆ. ಭಾನುವಾರ ಫೋನಿನಲ್ಲಿ ಅತ್ತೆ ಆರೋಗ್ಯ ಕೇಳುವ ಮೊದಲು, "ಡಬ್ಬೀಲಿ ಎಷ್ಟಿದೆ?" ಎಂದು ಕೇಳುತ್ತಿದ್ದರು. "ಇದೆ ಅತ್ತೆ," ಎನ್ನುತ್ತಿದ್ದೆ. ಪ್ರತಿ ವಾರ ಸ್ವಲ್ಪ ಕಡಿಮೆಯಾಗುತ್ತಿತ್ತು.

ಕಾರ್ತಿಕದ ಬತ್ತಿ ಉರಿಸುವ ದಿನಕ್ಕೆ ಮೋಹನ ಊರಿಗೆ ಹೋಗಬೇಕಿತ್ತು. ವೇಪ್ ಒಯ್ಯುವ ಹಾಗಿಲ್ಲ, ನಮ್ಮ ದೇಶದಲ್ಲಿ ಅದಕ್ಕೆ ನಿಷೇಧ. ಆದರೆ ತುಮಕೂರಿನಲ್ಲಿ ಅವನ ಅಕ್ಕನ ಮನೆಯ ಬೀದಿ ಕೊನೆಯ ಅಂಗಡಿಯಲ್ಲಿ ಸಿಗರೇಟು ಬಿಡಿಯಾಗಿಯೇ ಸಿಗುತ್ತದೆ, ಹಚ್ಚಲು ಬೆಂಕಿಯನ್ನೂ ಅಂಗಡಿಯವನೇ ಕೊಡುತ್ತಾನೆ. ಇಲ್ಲಿ ತಲೆ ತಗ್ಗಿಸುವಂತೆ ಮಾಡುವುದು ಅಲ್ಲಿ ಸಲೀಸು, ಇಲ್ಲಿ ಸಲೀಸಾದದ್ದು ಅಲ್ಲಿ ಅಪರಾಧ. "ಅಲ್ಲಿ ಹೋದ್ರೆ ನಾನು ಹಳೇ ಮೋಹನ ಆಗ್ಬಿಡ್ತೀನಿ ಅಂತ ಭಯ ವಸು," ಅಂದ ಒಂದು ದಿನ. ನನಗೂ ಅದೇ ಭಯ. ಅಲ್ಲಿ ಗೆಳೆಯರು ಹೆಗಲ ಮೇಲೆ ಕೈ ಹಾಕಿ ಕರೆಯುತ್ತಾರೆ. ಇಲ್ಲಿ ಎರಡು ಹೆಜ್ಜೆ ದೂರ ಸರಿಯುವವರಿದ್ದಾರೆ. ಇವರಿಬ್ಬರಲ್ಲಿ ಅವನನ್ನು ಕಾಯುವವರು ಯಾರು ಎಂದು ನನಗೆ ಇವತ್ತಿಗೂ ತೀರ್ಮಾನ ಮಾಡಲಾಗಿಲ್ಲ.

ಹೊರಡುವ ಹಿಂದಿನ ಭಾನುವಾರ ಮಧ್ಯಾಹ್ನ ನಾಲ್ಕಕ್ಕೇ ಕತ್ತಲಾಗಿತ್ತು. ಅಡುಗೆಮನೆಯಲ್ಲಿ ಡಬ್ಬಿಯ ಮುಚ್ಚಳ ತೆಗೆದ ಸದ್ದು ಕೇಳಿಸಿತು. ಒಂದು ಚಿಟಿಕೆ ಮತ್ತೆ ಹೋಯಿತು ಅಂದುಕೊಂಡು, ಬೈಯಲೆಂದೇ ಎದ್ದು ಹೋದೆ. ಮೋಹನ ಡಬ್ಬಿಯಲ್ಲಿ ಉಳಿದದ್ದನ್ನೆಲ್ಲ ಮೇಜಿನ ಮೇಲೆ ಹರವಿ, ಬೆನ್ನು ಬಗ್ಗಿಸಿ ಕೂತು ಹತ್ತಿ ಹೊಸೆಯುತ್ತಿದ್ದ. ಬತ್ತಿ ಸೊಟ್ಟಗಾಗಿತ್ತು, ಬಿಚ್ಚಿ ಮತ್ತೆ ಹೊಸೆದ. ಬೈಗುಳ ನಾಲಿಗೆಯ ತುದಿಯಲ್ಲೇ ಇತ್ತು. ಅಷ್ಟರಲ್ಲಿ ಅವನ ಪಕ್ಕದಲ್ಲಿ, ಅತ್ತೆ ಬಿಟ್ಟುಹೋದ ತಟ್ಟೆ ಕಣ್ಣಿಗೆ ಬಿತ್ತು.

ಅವನ ಬೆರಳುಗಳಿಗೆಲ್ಲ ವಿಭೂತಿ ಮೆತ್ತಿತ್ತು.