ಕೋಲು ಹಾಯ್ದ ಹಾವಿನ ಕಲ್ಲು

ಅಬುಧಾಬಿಯ ನಮ್ಮ ಆಫೀಸಿನಲ್ಲಿ ಸ್ಕಾಟ್ಲೆಂಡಿನವರೊಬ್ಬರು ಹಿರಿಯ ಎಂಜಿನಿಯರ್ ಆಗಿದ್ದರು. ಕೆಲಸ ಬಿಟ್ಟು ಊರಿಗೆ ಹೊರಡುವ ಮುನ್ನ ನನಗೊಂದು ಕಲ್ಲು ಕೊಟ್ಟರು. ಅವರ ಸೀಮೆಯಲ್ಲಿ ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದೆ ಪಿಕ್ಟ್ ಎಂಬ ಜನ ಇದ್ದರಂತೆ. ಅವರು ಕೆತ್ತಿ ನಿಲ್ಲಿಸಿದ ಆಳೆತ್ತರದ ಕಲ್ಲುಗಳು ಹೊಲಗಳ ಅಂಚಿನಲ್ಲಿ ಇಂದಿಗೂ ಇವೆಯಂತೆ. ನನಗೆ ಸಿಕ್ಕಿದ್ದು ಅಂಥದೊಂದರ ಮೊಳದುದ್ದದ ಪ್ರತಿ. ಮೇಲೆ ಬಳುಕುವ ಹಾವು, ಅದರ ಮೈಗೆ ಅಡ್ಡ ಹಾಯ್ದ ಮುರಿದ ಕೋಲು, ಕೆಳಗೆ ಕನ್ನಡಿ, ಬಾಚಣಿಗೆ. ಚೆಂದದ ಕೆಲಸ. ಮೊಹಮ್ಮದ್ ಬಿನ್ ಜಾಯೆದ್ ಸಿಟಿಯ ನಮ್ಮ ಫ್ಲಾಟಿನಲ್ಲಿ ಟಿವಿ ಪಕ್ಕ ಇಟ್ಟೆ.

ಹೆಂಡತಿ ನೋಡಿದವಳೇ ಹಿಂದೆ ಸರಿದಳು.

"ಹೊಡೆದ ನಾಗ ಅಲ್ವಾ ಇದು! ನಿಮಗೆ ಮಂಡೆ ಸಮ ಉಂಟಾ ಮಾರಾಯ್ರೆ? ಇಂಥದ್ದನ್ನು ಯಾರಾದ್ರೂ ಮನೆಗೆ ತರ್ತಾರಾ?"

ನಾವಿಬ್ಬರೂ ಉಡುಪಿ ಕಡೆಯವರು. ಅಲ್ಲಿ ದಾರಿಯಲ್ಲಿ ಸತ್ತ ನಾಗರಹಾವು ಸಿಕ್ಕರೂ ಮನುಷ್ಯರಿಗೆ ಮಾಡಿದ ಹಾಗೆ ಸಂಸ್ಕಾರ ಮಾಡುತ್ತಾರೆ; ನಾಗನಿಗೆ ನೋವಾದರೆ ಹುಟ್ಟುವ ಮಕ್ಕಳಿಗೆ ಕೇಡು ಎಂಬ ನಂಬಿಕೆ. ನನಗೋ ಇಂಥದಕ್ಕೆಲ್ಲ ಥಟ್ಟನೆ ಸಿಟ್ಟು. "ಅದು ನಮ್ಮ ನಾಗ ಅಲ್ಲ ಮಾರಾಯ್ತಿ, ಅವರ ಊರಿನ ಹಾವು" ಎಂದು ರೇಗಿದೆ.

"ನಿಮಗೆ ಹೇಳ್ಲಿಕ್ಕೆ ಸುಲಭ. ಹೊಟ್ಟೆಯಲ್ಲಿ ಇಟ್ಟುಕೊಂಡವಳು ನಾನಲ್ವಾ?"

ಅವಳಿಗೆ ಆಗ ಏಳು ತಿಂಗಳು. ಹಿಂದಿನ ಸಲ ಇದೇ ತಿಂಗಳಲ್ಲಿ ಮಗು ಹೊಟ್ಟೆಯಲ್ಲೇ ತೀರಿಕೊಂಡಿತ್ತು. ಅವಳು ಆಸ್ಪತ್ರೆಯಲ್ಲಿ ಮೈಮೇಲೆ ಎಚ್ಚರವಿಲ್ಲದೆ ಮಲಗಿದ್ದಾಗಲೇ ನಾನು ಹೋಗಿ ಮಣ್ಣು ಮಾಡಿ ಬಂದಿದ್ದೆ. ಆಮೇಲೆ ಆ ಮಾತನ್ನು ಇಬ್ಬರೂ ಎತ್ತಿರಲಿಲ್ಲ.

ಎಸೆದುಬಿಡೋಣವೆಂದರೆ ಅದಕ್ಕೂ ಅವಳು ಒಪ್ಪಲಿಲ್ಲ. ನಾಗನ ಕಲ್ಲನ್ನು ಕಸಕ್ಕೆ ಹಾಕುವುದುಂಟೇ? ಮರುದಿನ ಸಂಜೆ ಟವೆಲಿನಲ್ಲಿ ಸುತ್ತಿಕೊಂಡು ಆ ಎಂಜಿನಿಯರ್ ಅವರ ವಿಲ್ಲಾಕ್ಕೆ ಹೋದೆ. ಪ್ರೀತಿಯಿಂದ ಕೊಟ್ಟಿದ್ದನ್ನು ಹಿಂದಿರುಗಿಸಲು ನಾಚಿಕೆಯಾಗುತ್ತಿತ್ತು. ತಡವರಿಸುತ್ತ ಇದ್ದ ವಿಷಯ ಹೇಳಿದೆ. ಅವರು ನಗಲಿಲ್ಲ. ಆ ಕೋಲಿನ ಅರ್ಥ ಯಾರಿಗೂ ಗೊತ್ತಿಲ್ಲ, ಪಂಡಿತರು ಇನ್ನೂ ಜಗಳಾಡುತ್ತಿದ್ದಾರೆ ಎಂದರು. ಕನ್ನಡಿ, ಬಾಚಣಿಗೆ ಇದ್ದರೆ ಯಾರೋ ಹೆಣ್ಣಿನ ನೆನಪಿಗೆ ನಿಲ್ಲಿಸಿದ್ದಿರಬಹುದು ಎಂದು ಕೆಲವರ ಊಹೆಯಂತೆ. ಕಲ್ಲನ್ನು ವಾಪಸು ತೆಗೆದುಕೊಂಡು, ಹೆಂಡತಿಯನ್ನು ಚೆನ್ನಾಗಿ ನೋಡಿಕೊಳ್ಳಲು ಹೇಳಿ ಕಳಿಸಿದರು.

ಮನೆಗೆ ಬಂದು ಅಷ್ಟನ್ನೂ ಹೇಳಿದೆ. ಅವಳು ಅಡುಗೆಮನೆಯಲ್ಲಿ ಬೀನ್ಸ್ ಕತ್ತರಿಸುತ್ತಿದ್ದಳು. ಕೈ ನಿಂತಿತು.

"ಆ ಹೆಣ್ಣಿಗೆ ಕಲ್ಲಾದ್ರೂ ನಿಲ್ಲಿಸಿದ್ರು," ಎಂದಳು. ಬೀನ್ಸನ್ನು ಬದಿಗೆ ಸರಿಸಿ, ತಲೆಯೆತ್ತದೆ ಕೇಳಿದಳು: "ನೀವು ಮುಖ ನೋಡಿದ್ದೀರಲ್ಲ? ನನಗೆ ಯಾರೂ ತೋರಿಸ್ಲೇ ಇಲ್ಲ. ನಮ್ಮ ಮಗಳು ಹೇಗಿದ್ದಳು?"

ಮಗಳು ಎಂಬ ಮಾತು ಆ ಮನೆಯಲ್ಲಿ ಕೇಳಿದ್ದು ಅದೇ ಮೊದಲು. ಅವಳ ಎದುರು ಕುಳಿತೆ. ಅಳು ಬಂತು, ತಡೆಯಲು ಹೋಗಲಿಲ್ಲ. ಕೂದಲು ದಟ್ಟವಾಗಿತ್ತು ಎಂದೆ. ಬೆರಳುಗಳು ಉದ್ದ ಎಂದೆ.

"ಮತ್ತೆ?"

"ಮೂಗು ನಿನ್ನದೇ," ಎಂದೆ.