ಒಂಬತ್ತು ಇಪ್ಪತ್ತಕ್ಕೆ ಹತ್ತುವ ದೀಪ

ಇದು ನಿಜವಾಗಿ ನಡೆದದ್ದು. ನೀವು ನಂಬದಿದ್ದರೆ ಬೇಸರವಿಲ್ಲ, ನಾನೇ ಅರ್ಧ ನಂಬಿಲ್ಲ. ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವನು ನಾನು, ದೆವ್ವದ ಮಾತೆತ್ತಿದವರನ್ನು ಎದುರಿಗೇ ನಕ್ಕು ಸುಮ್ಮನಾಗಿಸಿದವನು. ಇವತ್ತಿಗೂ ನನ್ನ ಅನುಮಾನ ದೆವ್ವದ ಮೇಲಲ್ಲ. ನನ್ನ ನೆನಪಿನ ಮೇಲೆ.

ಕಳೆದ ಮೇ ತಿಂಗಳು, ನಾಗಪುರದಲ್ಲಿ ನನ್ನ ಅಕ್ಕನ ಮನೆ. ಭಾವ ತೀರಿಕೊಂಡು ವರ್ಷವಾಗಿತ್ತು. ಊರಂಚಿನ ಹಿಂಗಣಾದ ಕಾರ್ಖಾನೆಯಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದ ಅವರು ಮನೆಯ ಕಳ್ಳರ ಅಲಾರಂ ಅನ್ನು ತಾವೇ ಕೂಡಿಸಿದ್ದರು. ಬಾಗಿಲಿಗೆ ಅಯಸ್ಕಾಂತ, ಚೌಕಟ್ಟಿಗೆ ಸ್ವಿಚ್ಚು. ಬಾಗಿಲು ಕದಲಿದರೆ ನಡುಮನೆಯ ಗೋಡೆಯ ಪೆಟ್ಟಿಗೆಯಲ್ಲಿ ಆ ಬಾಗಿಲಿನ ದೀಪ ಹತ್ತಿ ಸೈರನ್ ಕೂಗುತ್ತದೆ.

ಈಗ ಅದು ವಾರಕ್ಕೆ ಮೂರು ನಾಲ್ಕು ರಾತ್ರಿ ಸುಮ್ಮಸುಮ್ಮನೆ ಕೂಗುತ್ತಿತ್ತು. ಯಾವಾಗಲೂ ಮೂರನೆಯ ದೀಪ, ಹಿತ್ತಲ ಬಾಗಿಲು. ಯಾವಾಗಲೂ ಒಂಬತ್ತು ಇಪ್ಪತ್ತರ ಆಸುಪಾಸು...

ಭಾವ ಕೆಲಸ ಮುಗಿಸಿ ಬರುತ್ತಿದ್ದ ಹೊತ್ತು ಅದು. ಎಣ್ಣೆ ಮೆತ್ತಿದ ಕಾಲಲ್ಲಿ ದೇವರ ಮನೆಯ ಮುಂದೆ ಹಾಯಬಾರದೆಂದು, ಹಿತ್ತಲ ನಲ್ಲಿಯಲ್ಲಿ ಕಾಲು ತೊಳೆದು ಆ ಬಾಗಿಲಿನಿಂದಲೇ ಒಳಗೆ ಬರುತ್ತಿದ್ದರು.

ಅಕ್ಕನಿಗೆ ಬ್ಯಾಂಕಿನಲ್ಲಿ ಬಡ್ತಿ ಬಂದಿತ್ತು, ಬೇರೆ ಊರಿಗೆ. ನಾನು ಹೋದ ಮರುದಿನ ಬೆಳಿಗ್ಗೆಯೇ ಒಪ್ಪಿಗೆ ಬರೆದು ಕೊಡಬೇಕು.

“ನಾ ಹ್ಯಾಂಗ ಹೋಗ್ಲಿ? ಅವ್ರು ಬಂದಾಗ ಮನಿಗೆ ಕೀಲಿ ಇದ್ರ?”

“ಅಕ್ಕಾ, ಅದು ವೈರಿನ ದೋಷ.”

“ನೀ ಕಲ್ತಾಂವ. ಇವತ್ತ ರಾತ್ರಿ ಆ ದೋಷ ತೋರ್ಸು. ತೋರ್ಸಿದ್ರ ಹೋಗ್ತೀನಿ.”

ತಿರುಪುಗಳನ್ನೆಲ್ಲ ಬಿಗಿ ಮಾಡಿದೆ. ಅಕ್ಕನನ್ನು ಪೆಟ್ಟಿಗೆಯ ಮುಂದೆ ನಿಲ್ಲಿಸಿ, ಗೋಡೆಯುದ್ದಕ್ಕೂ ವೈರನ್ನು ಗೇಣು ಗೇಣಾಗಿ ಅಲ್ಲಾಡಿಸುತ್ತ ಹೋದೆ.

“ಹತ್ತಿತೇನು?”

“ಇಲ್ಲ.”

“ಈಗ?”

“ಇಲ್ಲೋ ಮಾರಾಯಾ! ನಿಮ್ಮ ಭಾವ ಕಟ್ಟಿದ್ದು ಅಷ್ಟು ಕಚ್ಚಾ ಇರ್ತೈತೇನು?”

ಬಂದು ಹೋಗುವ ದೋಷಗಳ ಹಣೆಬರಹವೇ ಇದು. ಹುಡುಕಲು ಕೂತಾಗ ಎಲ್ಲವೂ ಬರೋಬರ್ ಇರುತ್ತದೆ.

ಒಂಬತ್ತು ಗಂಟೆಗೆ ಅಕ್ಕ ಎದ್ದು ಹಿತ್ತಲ ಕಡೆ ಹೋದಳು. ಹಿಂದೆಯೇ ಹೋಗಿ ನೋಡಿದೆ. ಸದ್ದಾಗದಂತೆ ಚಿಲಕ ತೆಗೆಯುತ್ತಿದ್ದಳು!

“ದಿನಾ ತಗೀತೀನಿ,” ಎಂದಳು, ನನ್ನ ಮುಖ ನೋಡದೆ. “ಅವ್ರು ಹೊರಗ ನಿಂದರಬಾರದಲ್ಲ...”

ನನಗೆ ನಗು ತಡೆಯಲಾಗಲಿಲ್ಲ. ಸಿಕ್ಕಿತಲ್ಲ ದೋಷ! ಚಿಲಕ ಹಾಕದ ಬಾಗಿಲನ್ನು ಕಿಟಕಿಯ ಕೂಲರಿನ ಗಾಳಿ ಹೊರಗೆ ತಳ್ಳುತ್ತದೆ, ದೀಪ ಹತ್ತುತ್ತದೆ. ನಾನೇ ಚಿಲಕ ಹಾಕಿದೆ. ಕೂಲರ್ ಆರಿಸಿದೆ, ಸೈರನ್ ಬಿಚ್ಚಿಟ್ಟೆ. ಅಷ್ಟಕ್ಕೂ ಬಿಡದೆ ಹಿತ್ತಲ ಬಾಗಿಲಿನ ಎರಡು ವೈರುಗಳನ್ನು ಪೆಟ್ಟಿಗೆಯಿಂದ ಕಿತ್ತು, ಬಾಗಿಲು ಮುಚ್ಚಿಯೇ ಇದೆಯೆಂದು ಪೆಟ್ಟಿಗೆ ನಂಬುವಂತೆ ಆ ಜಾಗಕ್ಕೆ ಒಂದು ರೆಸಿಸ್ಟರ್ ಸಿಕ್ಕಿಸಿದೆ. ಇನ್ನು ಬಾಗಿಲು ಮುರಿದು ಬಿದ್ದರೂ ಪೆಟ್ಟಿಗೆಗೆ ತಿಳಿಯುವಂತಿರಲಿಲ್ಲ.

ಪೆಟ್ಟಿಗೆಯ ಮುಂದೆ ಕುಳಿತೆವು. ಕೂಲರಿನ ಲಾವಂಚದ ಪರದೆಯ ವಾಸನೆ ಮೆಲ್ಲಗೆ ಕರಗಿತು. ಅದರ ಜಾಗದಲ್ಲಿ ಮತ್ತೊಂದು... ಬಿಸಿ ಮಶೀನಿನ ಎಣ್ಣೆಯದು. ಅಕ್ಕ ನನ್ನ ತೋಳು ಹಿಡಿದಳು.

ಒಂಬತ್ತು ಇಪ್ಪತ್ತು. ಮೂರನೆಯ ದೀಪ ಹತ್ತಿತು.

ಮಿನುಗಲಿಲ್ಲ. ನೆಟ್ಟಗೆ, ಕೆಂಪಗೆ ಉರಿಯಿತು. ಕಿತ್ತ ವೈರುಗಳ ತುದಿಗಳು ನನ್ನ ಕೈಯಲ್ಲೇ ಇದ್ದವು.

“ಬಂದ್ರು,” ಎಂದಳು ಅಕ್ಕ, ಉಸಿರಿನಷ್ಟೇ ದನಿಯಲ್ಲಿ.

ಟಾರ್ಚ್ ಹಿಡಿದು ಓಡಿದೆ. ಚಿಲಕ ಹಾಕಿದಂತೆಯೇ ಇತ್ತು. ತೆಗೆದು ನೋಡಿದರೆ, ನಲ್ಲಿಯ ಕೆಳಗಿನ ಕಲ್ಲು ಒದ್ದೆ. ನಾಗಪುರದ ಮೇ ತಿಂಗಳ ಸೆಕೆಯಲ್ಲಿ ಚೆಲ್ಲಿದ ನೀರು ಹತ್ತು ನಿಮಿಷ ನಿಲ್ಲುವುದಿಲ್ಲ. ನಾನು ಕೈ ತೊಳೆದಿದ್ದೆನೇ? ಗೊತ್ತಿಲ್ಲ. ರೆಸಿಸ್ಟರಿನ ತಿರುಪು ಸಡಿಲವಿತ್ತೇ? ಇರಬಹುದು.

ಆಗ ನಾನು ಮಾಡಿದ್ದನ್ನು ಯಾರಿಗೂ ಹೇಳಿರಲಿಲ್ಲ. ಅಲ್ಲೇ ಒಂದು ತುಂಡು ವೈರ್ ಕತ್ತರಿಸಿ, ಇಕ್ಕಳದಿಂದ ಅದರ ಸಿಪ್ಪೆ ಕಚ್ಚಿ ಕಚ್ಚಿ ಹರಿದು, ಒಳಗೆ ತಂದು ತೋರಿಸಿದೆ.

“ನೋಡಕ್ಕಾ. ಇಲಿ ಕಡಿದೈತಿ.”

“ದೀಪಾ ಹತ್ತಿದಾಗ ವೈರ್ ನಿನ್ನ ಕೈಯಾಗಿದ್ವಲ್ಲೋ, ತಮ್ಮಾ?”

“ಇರಲಿಲ್ಲ. ಅಂಜಿದ್ದಿ ನೀ, ಬರೋಬರ್ ನೋಡಿಲ್ಲ. ಆಮ್ಯಾಲೆ ಕಿತ್ತಿದ್ದು.”

ತಾನೇ ಹೋಗಿ ಹಿತ್ತಲ ಬಾಗಿಲಿನ ಚಿಲಕ ಹಾಕಿದಳು. ಬೆಳಿಗ್ಗೆ ಒಪ್ಪಿಗೆ ಬರೆದುಕೊಟ್ಟಳು.

ಆ ಸುಳ್ಳನ್ನು ಎಷ್ಟು ಗಟ್ಟಿಯಾಗಿ ಹೇಳಿದೆನೆಂದರೆ, ಈಗ ನನಗೇ ತಿಳಿಯದು, ಮೊದಲು ಕಿತ್ತೆನೋ ಆಮೇಲೆ ಕಿತ್ತೆನೋ. ಆದರೆ ಪಶ್ಚಾತ್ತಾಪವಿಲ್ಲ. ಮತ್ತೆ ಆ ರಾತ್ರಿ ಬಂದರೂ ಅದನ್ನೇ ಹೇಳುತ್ತೇನೆ, ಯಾರು ಬಂದು ಎದುರಿಗೆ ನಿಂತರೂ.

ಅಕ್ಕ ಈಗ ನೆಮ್ಮದಿಯಾಗಿದ್ದಾಳೆ. ಹೊಸ ಮನೆ ಮೂರನೇ ಮಹಡಿಯಲ್ಲಿದೆ, ಹಿತ್ತಲ ಬಾಗಿಲೇ ಇಲ್ಲ. ಯಾವ ಊರು ಎಂದು ಗೆಳೆಯರು ಕೇಳುತ್ತಾರೆ. ಹೇಳುವುದಿಲ್ಲ. ಇಲ್ಲಿಯೂ ಬರೆಯುವುದಿಲ್ಲ.

ದೆವ್ವವನ್ನು ನಂಬದವನಿಗೆ ಈ ಗುಟ್ಟು ಯಾಕೆ ಎಂದು ಕೇಳಬೇಡಿ.